‘ಇವರಿಗಿಂತ ಮುಂಚೆ ಯಾರಿಗೆ ಕೊಟ್ಟಿದ್ದರು?’: ಔಷಧ ಮಹಾನಿಯಂತ್ರಕರಿಗೂ ಎಥಿಕ್ಸ್ ಕಮಿಟಿಗಳಿಗೂ ಒಂದು ಬಹಿರಂಗ ಪತ್ರ

ಭಾರತದ ಔಷಧ ಮಹಾನಿಯಂತ್ರಕರಿಗೆ ಮತ್ತು ಕರ್ನಾಟಕದ ಆಸ್ಪತ್ರೆಗಳಲ್ಲಿ ಔಷಧ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗಳ ಎಲ್ಲ ಸದಸ್ಯರಿಗೆ,

ಮಾನ್ಯರೇ,

ನಾನು ನಿವೃತ್ತ ಪ್ರೌಢಶಾಲಾ ಕನ್ನಡ ಅಧ್ಯಾಪಕಿ. ವೈದ್ಯಕೀಯ ಓದಿದವಳಲ್ಲ. ನಿವೃತ್ತಿಯ ನಂತರ ಮೂರು ವರ್ಷ ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ, ನಿಯಮಗಳು ಜನಸಾಮಾನ್ಯರ ಪರವಾಗಿ ಮೀಸಲಿಟ್ಟ ಸ್ಥಾನದಲ್ಲಿ ಕುಳಿತಿದ್ದೆ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ ಈ ಸಮಿತಿಯಲ್ಲಿ ಕನಿಷ್ಠ ಏಳು ಜನರಿರಬೇಕು, ಅವರಲ್ಲಿ ಒಬ್ಬರಾದರೂ ನನ್ನಂತೆ ಸಾಮಾನ್ಯ ವ್ಯಕ್ತಿಯಾಗಿರಬೇಕು. ಆ ಒಬ್ಬರು ಏಕಿರಬೇಕೆಂಬುದು ನನಗೆ ಮೊದಲ ಒಂದೂವರೆ ವರ್ಷ ಸರಿಯಾಗಿ ತಿಳಿದಿರಲಿಲ್ಲ. ತಿಳಿದದ್ದು ಒಂದು ಮಧ್ಯಾಹ್ನ, ಒಬ್ಬ ಹೆಂಗಸು ಕೇಳಿದ ಪ್ರಶ್ನೆಯಿಂದ. ಈ ಪತ್ರ ಆ ಪ್ರಶ್ನೆಯನ್ನು ನಿಮಗೆ ತಲುಪಿಸಲಿಕ್ಕಾಗಿಯೇ ಬರೆದದ್ದು.

ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಏಳುವ ಆತಂಕವನ್ನು ತಗ್ಗಿಸೀತು ಎಂಬ ನಿರೀಕ್ಷೆಯ ಹೊಸ ಸಂಯುಕ್ತವೊಂದರ ಪ್ರಯೋಗ ಅದು. ಅದಕ್ಕೆ ಇನ್ನೂ ಹೆಸರಿರಲಿಲ್ಲ, ಎರಡು ಅಕ್ಷರ ಮತ್ತು ಒಂದಿಷ್ಟು ಅಂಕಿಗಳಿದ್ದವು ಅಷ್ಟೆ. ಸಮಿತಿಯ ಗೋಪ್ಯತೆಗೆ ಬದ್ಧಳಾದ್ದರಿಂದ ಅವನ್ನೂ ಇಲ್ಲಿ ಬರೆಯುವುದಿಲ್ಲ. ಒಪ್ಪಿಗೆ ಪಡೆಯುವ ಕ್ರಮ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಂಡು ಬರಲು ಸಮಿತಿ ನನ್ನನ್ನು ಕಳುಹಿಸಿತ್ತು. ಮೇಜಿನ ಆಚೆ ನಲವತ್ತು ದಾಟಿದ ಒಬ್ಬ ದರ್ಜಿ, ಪಕ್ಕದಲ್ಲಿ ಅವರ ಹೆಂಡತಿ, ಮೂಲೆಯಲ್ಲಿ ನಿಯಮದಂತೆ ವಿಡಿಯೊ ಕ್ಯಾಮೆರಾ. ದರ್ಜಿಯ ಬಲಗೈ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದರೂ ನಡುಗುತ್ತಿದ್ದವು. ಸೂಜಿಗೆ ದಾರ ಪೋಣಿಸಲು ಆಗದೆ ಎರಡು ತಿಂಗಳಾಯಿತೆಂದು ಅವರೇ ಹೇಳಿದರು. ಕಿರಿಯ ವೈದ್ಯರೊಬ್ಬರು ಕನ್ನಡದ ಮಾಹಿತಿ ಪತ್ರವನ್ನು ಓದಿ ಹೇಳುತ್ತಿದ್ದರು. ‘ಅಧ್ಯಯನ ಔಷಧವು ಮೆದುಳಿನ ನಿರ್ದಿಷ್ಟ ಗ್ರಾಹಕಗಳನ್ನು ಪ್ರತಿಬಂಧಿಸುವ ಮೂಲಕ ಕಾರ್ಯನಿರ್ವಹಿಸುತ್ತದೆ’ ಎಂಬ ಸಾಲು ಬಂದಾಗ ದರ್ಜಿ ತಲೆಯೆತ್ತಿದರು. ಗ್ರಾಹಕರೆಂದರೆ ಅವರ ಪಾಲಿಗೆ ಅಂಗಡಿಗೆ ಬಟ್ಟೆ ತರುವವರು. ಮುಂದಿನ ಸಾಲು ‘ಪ್ರತಿಕೂಲ ಘಟನೆಗಳು ಸಂಭವಿಸಬಹುದು’ ಎಂದಿತ್ತು. ಯಾವ ಘಟನೆ ಎಂದು ಅವರು ಕೇಳಲಿಲ್ಲ. ಕೇಳಿದರೆ ತಪ್ಪಾದೀತೆಂಬ ಸಂಕೋಚ ಅವರ ಮುಖದಲ್ಲಿ ಕಾಣುತ್ತಿತ್ತು. ಆಗ ಅವರ ಹೆಂಡತಿ ಕೇಳಿದರು: ‘ಇವ್ರಿಗಿಂತ ಮುಂಚೆ ಯಾರಿಗೆ ಕೊಟ್ಟಿದ್ರು ಸಾರ್ ಇದನ್ನ? ಅವ್ರು ಈಗ ಹೆಂಗವ್ರೆ?’

ಅದೆಲ್ಲ ಈ ಪತ್ರದಲ್ಲಿದೆ ಎಂದು ವೈದ್ಯರು ಹೇಳಿದರು. ನಾನು ಆ ಹದಿನೇಳು ಪುಟಗಳನ್ನು ಅಲ್ಲೇ ಕುಳಿತು ಎರಡು ಸಲ ಓದಿದೆ. ಅದರಲ್ಲಿ ಇರಲಿಲ್ಲ.

ಅಂದಿನಿಂದ ಈ ಬಗೆಯ ಔಷಧಗಳ ಬಗ್ಗೆ ನನಗೆ ಅರ್ಥವಾಗುವಷ್ಟನ್ನು ಹುಡುಕಿ ಓದುತ್ತ ಬಂದಿದ್ದೇನೆ. ತಿಳಿದವರನ್ನು ಕಾಡಿ ಬೇಡಿ ಕೇಳಿದ್ದೇನೆ. ‘ಮುಂಚೆ ಯಾರಿಗೆ ಕೊಟ್ಟಿದ್ದರು’ ಎಂಬುದಕ್ಕೆ ಉತ್ತರ ಇದೆ, ಅಚ್ಚಾಗಿಯೂ ಇದೆ. ಮೇಜಿನ ಆಚೆ ಕುಳಿತವರಿಗೆ ಅದನ್ನು ಹೇಳಬೇಕೆಂದು ಯಾರಿಗೂ ಅನ್ನಿಸಿಲ್ಲ ಎಂಬುದೇ ನನ್ನ ದೂರು.

ಮೆದುಳಿನ ಜೀವಕೋಶಗಳ ಮೈಮೇಲೆ ರಿಸೆಪ್ಟರ್ ಎಂಬ ಪ್ರೋಟೀನುಗಳಿವೆ, ಮಾಹಿತಿ ಪತ್ರ ‘ಗ್ರಾಹಕ’ ಎಂದದ್ದು ಇವನ್ನೇ. ಕೋಶದಿಂದ ಕೋಶಕ್ಕೆ ಹೋಗುವ ರಾಸಾಯನಿಕ ಸಂದೇಶಗಳು ಅವಕ್ಕೆ ಬಂದು ಕೂಡಿಕೊಳ್ಳುತ್ತವೆ. ಹಾಗೆ ಕೂಡಿದಾಗ ಕೋಶದೊಳಗೆ ಒಂದು ಕೆಲಸ ಶುರುವಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಆತಂಕಕ್ಕೂ ಚಟಕ್ಕೂ ಸಂಬಂಧಿಸಿದ ರಿಸೆಪ್ಟರುಗಳು ಬಹಳ ಕಡೆ ಒಂದೇ ಹಾದಿಯಲ್ಲಿವೆ. ಕುಡಿತ ಬಿಟ್ಟವರ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು, ಆ ಸಂಕಟ ತಾಳಲಾರದೆ ಅವರು ಮತ್ತೆ ಬಾಟಲಿ ಹಿಡಿಯುವುದು, ಇದನ್ನು ನಮ್ಮ ಊರುಗಳ ಎಷ್ಟೋ ಮನೆಗಳು ವಿಜ್ಞಾನಿಗಳಿಗಿಂತ ಮೊದಲೇ ಕಂಡಿವೆ. ಈ ಹಾದಿಯಲ್ಲಿ ಔಷಧ ಹುಡುಕುವುದು ಬೇಡವೆಂದು ನಾನು ಹೇಳುತ್ತಿಲ್ಲ. ಓಪಿಯಾಯ್ಡ್ ರಿಸೆಪ್ಟರನ್ನು ತಡೆಯುವ ನಾಲ್ಟ್ರೆಕ್ಸೋನ್ ಕುಡಿತದ ಚಿಕಿತ್ಸೆಗೆ 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಇಂದು ನಮ್ಮಲ್ಲೂ ಬಳಕೆಯಲ್ಲಿದೆ. ನಿಕೋಟಿನ್ ರಿಸೆಪ್ಟರಿನ ಮೇಲೆ ಕೆಲಸ ಮಾಡುವ ವರೆನಿಕ್ಲೀನ್ 2006ರಿಂದ ಅನೇಕರಿಗೆ ಸಿಗರೇಟು ಬಿಡಿಸಿದೆ. ಇವೂ ಒಂದು ಕಾಲಕ್ಕೆ ಅಕ್ಷರ, ಅಂಕಿಗಳ ಸಂಯುಕ್ತಗಳೇ ಆಗಿದ್ದವು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಚಟಕ್ಕೆ ಚಿಕಿತ್ಸೆ ಬೇಕಾದವರಲ್ಲಿ ಶೇ. 86ರಷ್ಟು ಜನರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಹೊಸ ಔಷಧ ನಮಗೆ ಬೇಕು, ಪ್ರಯೋಗವಿಲ್ಲದೆ ಅದು ಬರುವುದಿಲ್ಲ.

ಆದರೆ ಇದೇ ಹಾದಿಯಲ್ಲಿ ಆಗಿಹೋದದ್ದೂ ಇದೆ. 1992ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ರಾಫೆಲ್ ಮೆಶೂಲಮ್ ಅವರ ತಂಡ ಮೆದುಳು ತಾನೇ ತಯಾರಿಸಿಕೊಳ್ಳುವ ಒಂದು ವಸ್ತುವನ್ನು ಕಂಡುಹಿಡಿಯಿತು. ಗಾಂಜಾದ ಸಾರ ಯಾವ ರಿಸೆಪ್ಟರಿಗೆ ಹೋಗಿ ಕೂಡುತ್ತದೋ ಅದೇ ಸಿಬಿ1 ರಿಸೆಪ್ಟರಿಗೆ ಈ ವಸ್ತುವೂ ಕೂಡುತ್ತದೆ. ಅದಕ್ಕೆ ಅವರಿಟ್ಟ ಹೆಸರು ಆನಂದಮೈಡ್. ಸಂಸ್ಕೃತದ, ನಮ್ಮೆಲ್ಲರ ನಾಲಗೆಯ ಮೇಲಿನ ‘ಆನಂದ’ವೇ ಅದು. ಆ ಹೆಸರನ್ನು ಮೊದಲ ಸಲ ಓದಿದಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ಈ ಆನಂದದ ರಿಸೆಪ್ಟರನ್ನು ಮುಚ್ಚಿದರೆ ಹಸಿವು ತಗ್ಗೀತು, ಸಿಗರೇಟಿನ ಸೆಳೆತವೂ ತಗ್ಗೀತು ಎಂಬ ಲೆಕ್ಕದಲ್ಲಿ ಫ್ರಾನ್ಸಿನ ಸನೋಫಿ ಕಂಪನಿ ರಿಮೊನಬಂಟ್ ಎಂಬ ಔಷಧವನ್ನು ತಂದಿತು. 2006ರಲ್ಲಿ ಯುರೋಪಿನಲ್ಲಿ ಬೊಜ್ಜಿನ ಚಿಕಿತ್ಸೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ತೂಕ ಇಳಿದದ್ದು ನಿಜ. ಆದರೆ ತೆಗೆದುಕೊಂಡವರಲ್ಲಿ ಕೆಲವರಿಗೆ ಖಿನ್ನತೆ, ಆತಂಕ, ಸಾಯಬೇಕೆಂಬ ಯೋಚನೆ ಬಂದವು. 2007ರ ಜೂನ್‌ನಲ್ಲಿ ಅಮೆರಿಕದ ಔಷಧ ಆಡಳಿತದ ಸಲಹಾ ಸಮಿತಿಯ 14 ಸದಸ್ಯರೂ ಒಮ್ಮತದಿಂದ ಅದು ಬೇಡವೆಂದರು. 2008ರ ಅಕ್ಟೋಬರ್‌ನಲ್ಲಿ ಯುರೋಪು ಅದರ ಮಾರಾಟವನ್ನು ತಡೆಹಿಡಿಯಲು ಹೇಳಿತು. ಹೃದಯದ ಮೇಲೆ ಅದರ ಪರಿಣಾಮ ನೋಡಲೆಂದು 42 ದೇಶಗಳಲ್ಲಿ 18,695 ಜನರ ಮೇಲೆ ನಡೆಯುತ್ತಿದ್ದ ಪ್ರಯೋಗ ಅರ್ಧಕ್ಕೇ ನಿಂತಿತು. ಅದರಲ್ಲಿ ಔಷಧ ಪಡೆದ ಗುಂಪಿನಲ್ಲಿ ನಾಲ್ವರು, ಹೋಲಿಕೆಗಾಗಿ ಔಷಧವಿಲ್ಲದ ಬರೀ ಮಾತ್ರೆ ಪಡೆದ ಗುಂಪಿನಲ್ಲಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರು. ಮಹಾನಿಯಂತ್ರಕರೇ, ನಮ್ಮ ದೇಶದ ಕಂಪನಿಗಳೂ ಆ ಮಾತ್ರೆಯನ್ನು ತಯಾರಿಸಿ ಮಾರುತ್ತಿದ್ದವು. ಭಾರತದಲ್ಲಿ ಅದರ ನಿಷೇಧದ ಅಧಿಸೂಚನೆ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಯುರೋಪು ನಿಲ್ಲಿಸಿದ ಮೇಲೆ ಹದಿನಾಲ್ಕು ತಿಂಗಳು. ಆ ತಿಂಗಳುಗಳಲ್ಲಿ ನಮ್ಮ ಔಷಧದಂಗಡಿಗಳಲ್ಲಿ ಅದನ್ನು ಕೊಂಡವರಿಗೆ ಆಚೆಯ ಸುದ್ದಿ ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಹೇಳಬೇಕಾದವರು ಯಾರಾಗಿದ್ದರು?

ರಿಸೆಪ್ಟರನ್ನು ಮುಚ್ಚುವ ಬದಲು ಮೆದುಳಿನ ಆನಂದಮೈಡನ್ನೇ ಹೆಚ್ಚಿಸಿದರೆ ಹೇಗೆ ಎಂಬುದು ಮುಂದಿನ ಯೋಚನೆ. ಆನಂದಮೈಡನ್ನು ಒಡೆಯುವ ಒಂದು ಕಿಣ್ವವಿದೆ. ಆ ಕಿಣ್ವವನ್ನು ತಡೆದರೆ ನೋವು, ಆತಂಕ ತಗ್ಗಬಹುದೆಂದು ಹಲವು ಕಂಪನಿಗಳು ಔಷಧಗಳನ್ನು ಸಿದ್ಧಪಡಿಸಿದವು. ಪೋರ್ಚುಗಲ್ಲಿನ ಬಿಯಾಲ್ ಕಂಪನಿಯ ಬಿಐಎ 10-2474 ಅವುಗಳಲ್ಲೊಂದು. ಮನುಷ್ಯರ ಮೇಲೆ ಅದರ ಮೊದಲ ಪರೀಕ್ಷೆಯನ್ನು ಫ್ರಾನ್ಸಿನ ರೆನ್ ನಗರದಲ್ಲಿ ಬಯೋಟ್ರಯಲ್ ಎಂಬ ಸಂಸ್ಥೆ ನಡೆಸಿತು. ಅಲ್ಲಿ ನಡೆದದ್ದನ್ನು ನಾನು ತುಸು ನಿಧಾನವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನನ್ನ ಬೇಡಿಕೆಯ ಬೇರು ಅಲ್ಲಿದೆ.

2016ರ ಜನವರಿ 6ರಂದು ಎಂಟು ಆರೋಗ್ಯವಂತ ಸ್ವಯಂಸೇವಕರ ಗುಂಪಿನಲ್ಲಿ ಆರು ಜನರಿಗೆ ದಿನಕ್ಕೆ 50 ಮಿಲಿಗ್ರಾಂನಂತೆ ಔಷಧ ಕೊಡಲು ಆರಂಭಿಸಿದರು, ಇಬ್ಬರಿಗೆ ಬರೀ ಮಾತ್ರೆ. ಅದಕ್ಕೆ ಮೊದಲು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಗಂಭೀರವಾದದ್ದೇನೂ ಆಗಿರಲಿಲ್ಲ. ಐದನೆಯ ದಿನ, 10ರ ಸಂಜೆ, ಒಬ್ಬರಿಗೆ ಹುಷಾರು ತಪ್ಪಿತು. ಅವರನ್ನು ನಗರದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಮರುದಿನ ಬೆಳಿಗ್ಗೆ ಉಳಿದ ಐವರಿಗೆ ಎಂದಿನಂತೆ ಔಷಧ ಕೊಟ್ಟರು. ಆಸ್ಪತ್ರೆ ಸೇರಿದವರ ಸ್ಥಿತಿ ಏನೆಂದು ವಿಚಾರಿಸಿಕೊಂಡಿರಲಿಲ್ಲ. ನಿಮ್ಮ ಜೊತೆಯವರೊಬ್ಬರನ್ನು ನಿನ್ನೆ ಹೀಗೆ ಆಸ್ಪತ್ರೆಗೆ ಸೇರಿಸಿದ್ದೇವೆ, ನೀವು ಮುಂದುವರಿಯುತ್ತೀರಾ ಎಂದು ಆ ಐವರನ್ನು ಕೇಳಲೂ ಇಲ್ಲ. ಮೊದಲನೆಯವರ ಮೆದುಳು ಚೇತರಿಸಿಕೊಳ್ಳಲಿಲ್ಲ, ಅವರು 17ರಂದು ತೀರಿಕೊಂಡರು. ಉಳಿದವರಲ್ಲಿ ನಾಲ್ವರ ಮೆದುಳಿಗೂ ಪೆಟ್ಟಾಗಿತ್ತು. ಫ್ರಾನ್ಸ್ ಸರ್ಕಾರದ ತನಿಖೆ ಎತ್ತಿಹಿಡಿದ ದೊಡ್ಡ ಲೋಪಗಳಲ್ಲಿ ಒಂದು ಇದೇ: ಉಳಿದ ಸ್ವಯಂಸೇವಕರಿಗೆ ಸುದ್ದಿ ಹೇಳಿ, ಅವರ ಒಪ್ಪಿಗೆಯನ್ನು ಮತ್ತೊಮ್ಮೆ ಕೇಳಲಿಲ್ಲ ಎಂಬುದು. ಆ ಸಂಯುಕ್ತ ತನ್ನ ಗುರಿಯಾದ ಕಿಣ್ವವನ್ನಷ್ಟೇ ಅಲ್ಲದೆ ನರಕೋಶದ ಬೇರೆ ಹಲವು ಕಿಣ್ವಗಳನ್ನೂ ತಡೆಯುತ್ತದೆ ಎಂದು 2017ರಲ್ಲಿ ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಇದು ಗೊತ್ತಾದದ್ದು ಆಮೇಲೆ. ಜನವರಿ 11ರ ಬೆಳಿಗ್ಗೆ ಆ ಐವರಿಗೆ ಹೇಳಬಹುದಾಗಿದ್ದ ಮಾತಿಗೆ ಲೈಡನ್ನಿನ ಪ್ರಯೋಗಾಲಯ ಬೇಕಿರಲಿಲ್ಲ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಅದೇ ಕಿಣ್ವವನ್ನು ತಡೆಯುವ ಫೈಜರ್ ಕಂಪನಿಯ ಬೇರೊಂದು ಸಂಯುಕ್ತವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಗಾಂಜಾ ಚಟವಿದ್ದ 70 ಪುರುಷರ ಚಿಕ್ಕ ಪ್ರಯೋಗವೊಂದರಲ್ಲಿ ನೋಡಿದರು, ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಗಾಂಜಾ ಬಿಟ್ಟಾಗಿನ ಸಂಕಟ ಅದರಿಂದ ತಗ್ಗಿತ್ತು, ರೆನ್ ನಗರದಲ್ಲಾದಂಥದ್ದು ಏನೂ ಆಗಲಿಲ್ಲ. ಆದ್ದರಿಂದ ಒಂದು ಸಂಯುಕ್ತ ಕೆಟ್ಟಿತೆಂದು ಅದರ ಬಂಧುಗಳೆಲ್ಲ ಕೆಟ್ಟವೆಂದು ನಾನು ಹೇಳಲಾರೆ. ಇವೆರಡೂ ಸಂಗತಿಗಳನ್ನು ಒಟ್ಟಿಗೆ ಕೇಳಿ ನಿರ್ಧರಿಸುವ ಬುದ್ಧಿ ನಮ್ಮ ದರ್ಜಿಗೂ ಅವರ ಹೆಂಡತಿಗೂ ಇದೆ ಎಂದಷ್ಟೇ ಹೇಳುತ್ತೇನೆ.

ಅಪಾಯವಿಲ್ಲದೆ ಸೋತ ಕಥೆಗಳೂ ತಿಳಿಯಬೇಕಾದವೇ. ಭಯ, ಒತ್ತಡಗಳಲ್ಲಿ ಮೆದುಳು ಬಿಡುವ ಸಿಆರ್‌ಎಫ್ ಎಂಬ ವಸ್ತುವನ್ನು 1981ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ವೈಲಿ ವೇಲ್ ಅವರ ತಂಡ ಗುರುತಿಸಿತು. ಅದರ ರಿಸೆಪ್ಟರನ್ನು ತಡೆದಾಗ ಮದ್ಯಕ್ಕೆ ದಾಸರಾದ ಇಲಿಗಳು ಕುಡಿಯುವುದನ್ನು ಕಡಿಮೆ ಮಾಡಿದವು. ಇಪ್ಪತ್ತು ವರ್ಷ ಎಲ್ಲರ ಕಣ್ಣೂ ಅದರ ಮೇಲಿತ್ತು. ಕೊನೆಗೆ ಪೆಕ್ಸಾಸರ್ಫಾಂಟ್ ಮತ್ತು ವೆರುಸರ್ಫಾಂಟ್ ಎಂಬ ಎರಡು ಔಷಧಗಳನ್ನು ಆತಂಕವೂ ಕುಡಿತದ ಚಟವೂ ಇದ್ದ ಮನುಷ್ಯರಿಗೆ ಅಮೆರಿಕದಲ್ಲಿ ಕೊಟ್ಟು ನೋಡಿದರು. 2015–16ರಲ್ಲಿ ಬಂದ ಎರಡೂ ವರದಿಗಳು ಒಂದೇ ಮಾತು ಹೇಳಿದವು: ಕುಡಿಯಬೇಕೆಂಬ ತುಡಿತ ಇಳಿಯಲಿಲ್ಲ. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಆಗಿದೆ. ಹಾಗಿದ್ದೂ ನಾನು ಓದಿದ ಮಾಹಿತಿ ಪತ್ರಗಳಲ್ಲಿ ‘ಪ್ರಾಣಿಗಳಲ್ಲಿ ಭರವಸೆಯ ಫಲಿತಾಂಶ ಕಂಡುಬಂದಿದೆ’ ಎಂಬ ಸಾಲು ತಪ್ಪದೆ ಇರುತ್ತಿತ್ತು, ಅದರ ಮುಂದಿನ ಸಾಲು ಇರುತ್ತಿರಲಿಲ್ಲ.

ಈಗ ನಿಯಮದ ವಿಷಯಕ್ಕೆ ಬರುತ್ತೇನೆ. ನಮ್ಮ ನಿಯಮಗಳು ದುರ್ಬಲವೆಂದು ನಾನು ಭಾವಿಸಿಲ್ಲ. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಹೂಡಿದ ಮೊಕದ್ದಮೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿ ನಿಂತದ್ದರಿಂದಲೇ ಒಪ್ಪಿಗೆ ಪಡೆಯುವಾಗ ಕ್ಯಾಮೆರಾ ಇಡುವ ಪದ್ಧತಿ ಬಂತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 99ನೆಯ ಕಲಮು ಸಂಶೋಧನೆಗೆ ಒಳಪಡುವ ಮನೋರೋಗಿಗಳ ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಪ್ರಯೋಗದಲ್ಲಿ ಯಾರಿಗಾದರೂ ಗಂಭೀರ ತೊಂದರೆಯಾದರೆ 24 ಗಂಟೆಗಳೊಳಗೆ ಪ್ರಯೋಗ ಮಾಡಿಸುವ ಪ್ರಾಯೋಜಕರಿಗೆ, ಎಥಿಕ್ಸ್ ಕಮಿಟಿಗೆ ಮತ್ತು ಮಹಾನಿಯಂತ್ರಕರಾದ ನಿಮಗೆ ವರದಿ ಬರಬೇಕು. ಆ ಪಟ್ಟಿಯಲ್ಲಿ ಇಲ್ಲದಿರುವವರು ಅದೇ ಮಾತ್ರೆಯನ್ನು ನಾಳೆ ಬೆಳಿಗ್ಗೆ ನುಂಗಬೇಕಾದವರು ಮಾತ್ರ. ಪ್ರಯೋಗದ ನಡುವೆ ಮುಖ್ಯವಾದ ಹೊಸ ಸಂಗತಿ ತಿಳಿದರೆ ಭಾಗವಹಿಸಿದವರಿಗೆ ಸಕಾಲದಲ್ಲಿ ತಿಳಿಸುತ್ತೇವೆ ಎಂಬ ಹೇಳಿಕೆ ನಮ್ಮ ನಿಯಮಗಳ ಮೂರನೆಯ ಅನುಸೂಚಿಯಲ್ಲಿ ಇದೆ. ಆದರೆ ಒಪ್ಪಿಗೆ ಪತ್ರದ ಅಗತ್ಯ ಅಂಶಗಳಲ್ಲಿ ಅದಿಲ್ಲ, ಬೇಕಾದಲ್ಲಿ ಸೇರಿಸಬಹುದಾದ ಹೆಚ್ಚುವರಿ ಅಂಶಗಳಲ್ಲಿದೆ. ರೆನ್ ನಗರದಲ್ಲಿ ನಡೆದದ್ದು ಗೊತ್ತಿದ್ದೂ ಆ ಸಾಲನ್ನು ಅಲ್ಲೇ ಬಿಡುವುದು ಸರಿಯಲ್ಲ. ಅದನ್ನು ಅಗತ್ಯ ಅಂಶಗಳಿಗೆ ಸೇರಿಸಿ, ಸಕಾಲವೆಂದರೆ ಮುಂದಿನ ಮಾತ್ರೆಗೆ ಮೊದಲು ಎಂದು ಸ್ಪಷ್ಟವಾಗಿ ಬರೆಯಬೇಕೆಂದು ತಮ್ಮನ್ನು ಕೇಳಿಕೊಳ್ಳುತ್ತೇನೆ.

ಅದರ ಜೊತೆಗೆ, ಪ್ರತಿ ಮಾಹಿತಿ ಪತ್ರದ ಮೊದಲ ಪುಟದಲ್ಲೇ ಆ ಸಂಯುಕ್ತವನ್ನೂ ಅದೇ ರಿಸೆಪ್ಟರಿನ ಮೇಲೆ ಕೆಲಸ ಮಾಡಿದ ಅದರ ಬಂಧುಗಳನ್ನೂ ಈ ಹಿಂದೆ ಯಾರಿಗೆ ಕೊಟ್ಟರು, ಏನಾಯಿತು ಎಂಬುದು ಒಂದು ಪ್ಯಾರಾದಲ್ಲಿ ಇರಬೇಕು. ಸಂಶೋಧಕರಿಗೆ ಕೊಡುವ ದಪ್ಪ ಪುಸ್ತಕದಲ್ಲಿ ಈ ಚರಿತ್ರೆ ಇರುತ್ತದೆ, ನಾನೇ ನೋಡಿದ್ದೇನೆ. ಅದು ರೋಗಿಯ ಕೈಗೆ ಬರುವ ಹಾಳೆಗಳಿಗೂ ಇಳಿಯಬೇಕು. ಹಾಗೆ ಬರೆದರೆ ಯಾರೂ ಪ್ರಯೋಗಕ್ಕೆ ಬರುವುದಿಲ್ಲ ಎಂದು ನಮ್ಮ ಸಮಿತಿಯಲ್ಲಿ ಹಿರಿಯರೊಬ್ಬರು ಹೇಳಿದ್ದರು. ಕುಡುಕನ ಜೊತೆ ಹದಿನೈದು ವರ್ಷ ಸಂಸಾರ ಮಾಡಿದ ಹೆಂಗಸು ಅಪಾಯವೆಂದರೇನೆಂದು ಅರಿಯದವಳಲ್ಲ. ಕೇಳಿಸಿಕೊಂಡ ಮೇಲೂ ಬರುವವರು ಬರುತ್ತಾರೆ, ಹಿಂದೆ ಸರಿಯುವವರಿಗೆ ಆ ಹಕ್ಕಿದೆ.

ಎಥಿಕ್ಸ್ ಕಮಿಟಿಯ ಸದಸ್ಯರೇ, ಈ ಮಾತು ನಿಮಗೆ. ಕನ್ನಡದ ಪತ್ರದ ಜೊತೆ ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸಿದ ಪ್ರತಿಯೂ ಒಂದು ಸರ್ಟಿಫಿಕೇಟೂ ನಿಮ್ಮ ಮುಂದೆ ಬರುತ್ತವೆ. ಇಂಗ್ಲಿಷಿಗೂ ಇಂಗ್ಲಿಷಿಗೂ ಹೊಂದಿಕೆಯಾದರೆ ಕನ್ನಡ ಸರಿಯಿದೆ ಎಂದು ಸಹಿ ಹಾಕುತ್ತೇವೆ. ‘ಗ್ರಾಹಕ’ ಮರಳಿ ಹೋಗುವಾಗ ಸರಿಯಾಗಿಯೇ ಹೋಗುತ್ತದೆ, ಏಕೆಂದರೆ ತಿರುಗಿಸುವವರಿಗೆ ಮೂಲ ಗೊತ್ತು. ದರ್ಜಿಗೆ ಅದು ಗೊತ್ತಿಲ್ಲ. ಒಂದೂವರೆ ವರ್ಷ ನಾನೂ ಹಾಗೆ ಸಹಿ ಹಾಕಿದ್ದೇನೆ, ಕನ್ನಡ ಕಲಿಸಿದವಳಾಗಿ ಆ ತಪ್ಪು ನನ್ನದೂ ಹೌದು. ಪತ್ರವನ್ನು ಒಪ್ಪುವ ಮುನ್ನ ಆಸ್ಪತ್ರೆಯ ಹೊರಗಿನ ಇಬ್ಬರಿಗೆ, ಹೈಸ್ಕೂಲು ಮೆಟ್ಟಿಲು ಹತ್ತದವರಿಗೆ, ಗಟ್ಟಿಯಾಗಿ ಓದಿ ಹೇಳಿ, ಏನು ತಿಳಿಯಿತೆಂದು ಅವರ ಬಾಯಲ್ಲೇ ಕೇಳಿ. ಅರ್ಧ ಗಂಟೆಯ ಕೆಲಸ.

ದರ್ಜಿ ಸೇರಿದ್ದ ಆ ಪ್ರಯೋಗ ಮಧ್ಯದಲ್ಲೇ ನಿಂತುಹೋಯಿತು. ‘ಪ್ರಾಯೋಜಕರ ವ್ಯಾವಹಾರಿಕ ಕಾರಣಗಳಿಂದ’ ಎಂಬ ಒಂದು ಸಾಲಿನ ಕಾಗದ ಸಮಿತಿಗೆ ಬಂತು. ಸುಮಾರು ಒಂದು ವರ್ಷದ ನಂತರ ಬಸ್‌ ಸ್ಟ್ಯಾಂಡಿನಲ್ಲಿ ಆ ಹೆಂಗಸು ನನ್ನನ್ನು ಗುರುತು ಹಿಡಿದು ಮಾತಾಡಿಸಿದರು. ಗಂಡ ಮತ್ತೆ ಕುಡಿಯುತ್ತಿದ್ದರು, ನಡುವೆ ಬಿಡುತ್ತಿದ್ದರು. ‘ಇವ್ರಿಗೆ ಕೊಟ್ಟಿದ್ದು ಔಷಧಾನೋ ಬರೀ ಮಾತ್ರೇನೋ, ಗೊತ್ತಾಯ್ತಾ ಮೇಡಂ?’ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಪ್ರಯೋಗಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯ, ಆದರೆ ಅಲ್ಲಿರುವುದು ಇಂಗ್ಲಿಷಿನಲ್ಲಿ, ಅದೂ ಅಲ್ಲಿ ಹೋಗಿ ಹುಡುಕಬಲ್ಲವರಿಗೆ. ಪ್ರಯೋಗ ಮುಗಿದ ಮೇಲೆ, ಅಥವಾ ಹೀಗೆ ನಿಂತ ಮೇಲೆ, ನಿಮಗೆ ಕೊಟ್ಟದ್ದು ಇದು, ನಮಗೆ ತಿಳಿದದ್ದು ಇಷ್ಟು ಎಂದು ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲಿ ಒಂದು ಪುಟದ ಕಾಗದ ತಲುಪಿಸುವುದನ್ನು ಅನುಮತಿಯ ಷರತ್ತಾಗಿ ಮಾಡಿ.

ಬರೆಯಲು ಆಗುವುದಿಲ್ಲ ಎಂಬ ಮಾತು ಬರಬಾರದೆಂದು ನಾನೇ ಒಂದು ಮಾದರಿ ಬರೆದಿದ್ದೇನೆ. ಸಿಆರ್‌ಎಫ್ ಜಾತಿಯ ಔಷಧವೊಂದು ನಾಳೆ ಪ್ರಯೋಗಕ್ಕೆ ಬಂದರೆ ಎಂದು ಇಟ್ಟುಕೊಂಡು ಬರೆದದ್ದು:

‘ಇದು ಹೊಸ ಮಾತ್ರೆ. ಇದರಿಂದ ನಿಮ್ಮ ಎದೆ ಡವಗುಟ್ಟುವುದು, ಕೈ ನಡುಗುವುದು ಕಡಿಮೆಯಾಗುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲೆಂದೇ ಈ ಪ್ರಯೋಗ. ಇದೇ ಜಾತಿಯ ಔಷಧ ಕೊಟ್ಟಾಗ ಇಲಿಗಳು ಕುಡಿಯುವುದನ್ನು ಕಡಿಮೆ ಮಾಡಿದವು. ಮನುಷ್ಯರಿಗೆ ಇಂಥ ಎರಡು ಔಷಧಗಳನ್ನು ಅಮೆರಿಕದಲ್ಲಿ ಕೊಟ್ಟು ನೋಡಿದರು, ಕುಡಿಯಬೇಕೆನ್ನುವ ಆಸೆ ಅವರಲ್ಲಿ ಕಡಿಮೆಯಾಗಲಿಲ್ಲ. ನಿಮಗೆ ಔಷಧವೇ ಸಿಗಬಹುದು, ಔಷಧವಿಲ್ಲದ ಬರೀ ಮಾತ್ರೆಯೂ ಸಿಗಬಹುದು. ಯಾವುದೆಂದು ಪ್ರಯೋಗ ಮುಗಿದ ಮೇಲೆ ಹೇಳುತ್ತೇವೆ. ನಿಮ್ಮ ಜೊತೆ ಈ ಮಾತ್ರೆ ತೆಗೆದುಕೊಳ್ಳುತ್ತಿರುವ ಯಾರಾದರೂ ಆಸ್ಪತ್ರೆ ಸೇರುವಂತಾದರೆ, ನಿಮ್ಮ ಮುಂದಿನ ಮಾತ್ರೆಗೆ ಮೊದಲೇ ನಿಮಗೆ ತಿಳಿಸುತ್ತೇವೆ. ಕೇಳಿದ ಮೇಲೆ ಬೇಡವೆಂದರೆ ಬಿಡಬಹುದು, ಬಿಟ್ಟರೂ ನಿಮ್ಮ ಮಾಮೂಲು ಚಿಕಿತ್ಸೆ ನಿಲ್ಲುವುದಿಲ್ಲ.’

ಇದನ್ನು ಕಳೆದ ತಿಂಗಳು ಆ ಹೆಂಗಸಿಗೆ ಅವರ ಮನೆಯ ಜಗಲಿಯ ಮೇಲೆ ಕುಳಿತು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಒಂದೇ ಒಂದು ತಿದ್ದುಪಡಿ ಹೇಳಿದರು: ‘ನಿಮಗೆ ತಿಳಿಸ್ತೀವಿ ಅಂತ ಬರ್ದಿದೀರಲ್ಲ, ಮನೆಯವ್ರಿಗೂ ಅಂತ ಸೇರ್ಸಿ ಮೇಡಂ. ರಾತ್ರಿ ಎಚ್ಚರ ಇರೋರು ನಾವು.’ ‘ನೀವು ಒಪ್ಪಿದರೆ ನಿಮ್ಮ ಮನೆಯವರಿಗೂ’ ಎಂದು ಸೇರಿಸಿದ್ದೇನೆ. ಆ ಪ್ರತಿಯನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೂ ಅಂಚೆಯಲ್ಲಿ ಕಳುಹಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಎಥಿಕ್ಸ್ ಕಮಿಟಿಯೊಂದರ ಮಾಜಿ ಸದಸ್ಯೆ, ನಿವೃತ್ತ ಕನ್ನಡ ಅಧ್ಯಾಪಕಿ